ಹಾಡಿನ ಹಿಂದಿನರ್ಧ

ಫೋಟೋ ತೆಗೆಸಲು ಹೋಗುವ ಮುಂಚೆ ಅಕ್ಕ ಎರಡು ಸಲ ಸೀರೆ ಬದಲಿಸಿದಳು. ಮೊದಲು ಹಸಿರು ಉಟ್ಟಳು. ಅದು ಫೋಟೋದಲ್ಲಿ ಕಪ್ಪಾಗಿ ಬರುತ್ತದೆ ಎಂದು ಬಿಚ್ಚಿ, ತಿಳಿ ಹಳದಿ ಉಟ್ಟಳು. ನಾನು ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದೆ.

"ಫೋಟೋದಾಗ ಬರೇ ಮಾರಿ ಬರತೈತಿ. ಸೀರಿ ಯಾರ್ ನೋಡ್ತಾರ?" ಎಂದೆ.

"ಕುತ್ತಿಗಿ ಕೆಳಗ ನಾಕು ಬೆರಳ ಬರತೈತಿ. ಅಷ್ಟರೆ ಛಂದ ಇರಬೇಕಿಲ್ಲೋ?"

ಅಕ್ಕ ಎಂದರೆ ನನ್ನ ಒಡಹುಟ್ಟಿದವಳಲ್ಲ, ನೆಗೆಣ್ಣಿ. ನನ್ನ ಗಂಡನ ಅಣ್ಣನ ಹೆಂಡತಿ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಅವಳಿಗೆ 'ರೀ' ಹಚ್ಚಿ ಮಾತಾಡುತ್ತಿದ್ದೆ. ಎರಡು ವರ್ಷದ ಮೇಲೆ, "ನನಗೇನು ಅಷ್ಟು ವಯಸ್ಸಾಗೈತೇನು?" ಎಂದು ಅವಳೇ ಅದನ್ನು ಬಿಡಿಸಿದಳು. ನಮ್ಮ ಮನೆತನ ವಿಜಯಪುರ ಜಿಲ್ಲೆಯದು. ಭಾವನಿಗೆ ಹೈದರಾಬಾದಿನ ರಕ್ಷಣಾ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಅವರ ಹಿಂದೆ ನನ್ನ ಗಂಡನೂ ಬಂದು ಒಂದು ಬಟ್ಟೆ ಅಂಗಡಿ ಸೇರಿದರು. ಕೂಕಟ್‌ಪಲ್ಲಿಯ ಒಂದೇ ಕಟ್ಟಡದಲ್ಲಿ ಮೇಲಿನ ಮನೆ ಅವರದು, ಕೆಳಗಿನದು ನಮ್ಮದು. ಅವರಿಗೆ ಮಕ್ಕಳಿಲ್ಲ. ನನ್ನ ಮಗಳು ಮೇಲೂ ಕೆಳಗೂ ಬೆಳೆದಳು.

ಸ್ಟುಡಿಯೋ ಇದ್ದದ್ದು ಮೆಟ್ರೋ ಕಂಬಗಳ ಆಚೆ, ಜ್ಯೂಸ್ ಅಂಗಡಿಯ ಪಕ್ಕದಲ್ಲಿ. ಫೋಟೋದವನು ತೆಲುಗಿನಲ್ಲಿ ಕೇಳಿದ, "ವೀಸಾಕ್ಕಾ ಅಮ್ಮಾ? ಬಿಳಿ ಹಿನ್ನೆಲೆ ಬೇಕಾ?"

"ಕಾಲೇಜಿಗೆ," ಎಂದಳು ಅಕ್ಕ.

"ಯಾರ ಕಾಲೇಜಿಗೆ? ಮಗಳು ಎಲ್ಲಿ?"

"ಮಗಳಿಗಲ್ಲ. ಸೇರೋರು ನಾವೇ."

ಅವನು ಕ್ಯಾಮೆರಾ ಕೆಳಗಿಳಿಸಿ ನಮ್ಮಿಬ್ಬರನ್ನೂ ಒಮ್ಮೆ ನೋಡಿದ. ಅಕ್ಕನಿಗೆ ಆಗ ಐವತ್ತಾರು, ನನಗೆ ಐವತ್ತು. ಅವನು ನಗಬೇಕೋ ಬೇಡವೋ ಎಂದು ಯೋಚಿಸುತ್ತಿರುವಾಗಲೇ ಅಕ್ಕ ನಕ್ಕುಬಿಟ್ಟಳು. ಆ ನಗುವೇ ಫೋಟೋದಲ್ಲಿ ಬಂತು. ನನ್ನದರಲ್ಲಿ ನಾನು ಪೊಲೀಸ್ ಠಾಣೆಯಲ್ಲಿ ಹಿಡಿದು ಕೂರಿಸಿದವಳಂತೆ ಇದ್ದೆ. ಬರುವಾಗ ದಾರಿಯಲ್ಲಿ ಮೆಂತ್ಯೆ ಪಲ್ಯದ ಎರಡು ಸಿವುಡು ತೆಗೆದುಕೊಂಡೆವು. ಎರಡು ಮಿರ್ಚಿ ತಿಂದೆವು. ಮನೆಗೆ ಬಂದು ಅಕ್ಕ ಎರಡೂ ಫಾರಂಗಳಿಗೆ ಫೋಟೋ ಅಂಟಿಸಿ, ಮೂಲೆ ಸೇರಿಸಿ ಗುಂಡುಪಿನ್ನು ಚುಚ್ಚಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ನನ್ನ ಕೈಗೆ ಕೊಟ್ಟಳು. "ನಾಳೆ ಹತ್ತಕ್ಕ ಹೊಂಡೋದು. ಮಧ್ಯಾಹ್ನದ ರೊಟ್ಟಿ ಮುಂಜಾನೇನ ಬಡದಿಟ್ಟು ಬಾ. ಹಾಂ?" ಎಂದಳು.

ಅದಕ್ಕಿಂತ ಹೆಚ್ಚಿನದೇನೂ ಆ ದಿನ ನಡೆಯಲಿಲ್ಲ.

ಸಂಗೀತ ಕಾಲೇಜಿಗೆ ಯಾಕೆ ಹೊರಟಿದ್ದೆವು ಎಂಬುದನ್ನು ಹೇಳಬೇಕು. ನಮ್ಮಿಬ್ಬರಿಗೂ ಅತ್ತೆ ಕಲಿಸಿದ ಹಾಡುಗಳಿದ್ದವು. ಬಸುರಿಗೆ ಮಾಡುವ ಕುಬಸದ್ದು, ಉಡಿ ತುಂಬುವಾಗಿನದು, ಆರತಿಯದು, ತೊಟ್ಟಿಲದ್ದು, ಎಲ್ಲ ಸೇರಿ ಒಂಬತ್ತು. ಹೈದರಾಬಾದಿನಲ್ಲಿ ನಮ್ಮ ಕಡೆಯ ಮನೆಗಳಲ್ಲಿ ಕುಬಸ ಇದ್ದರೆ ಹಾಡಲು ನಮ್ಮನ್ನು ಕರೆಯುತ್ತಿದ್ದರು, ಹಾಡು ಬರುವವರು ಬೇರೆ ಯಾರೂ ಇರಲಿಲ್ಲ. ಆ ವರ್ಷ ಬೇಗಂಪೇಟೆಯ ಒಂದು ಹಾಲ್‌ನಲ್ಲಿ ಕುಬಸದ ಹಾಡು ಮುಗಿಸಿ ಊಟಕ್ಕೆ ಕೂತಿದ್ದೆವು. ಬಸುರಿ ಹುಡುಗಿಯ ತಂಗಿ ಬಂದು, "ಆಂಟಿ, ಇದರ ನೊಟೇಷನ್ ಐತೇನ್ರಿ? ಕೀಬೋರ್ಡ್‌ನಾಗ ಬಾರಿಸಬೇಕು" ಎಂದಳು.

ನೊಟೇಷನ್ ಎಂದರೇನೆಂದು ಅಕ್ಕನಿಗೆ ಗೊತ್ತಿರಲಿಲ್ಲ. ಹುಡುಗಿಯೇ ಹೇಳಿದಳು. ಹಾಡನ್ನು ಸ-ರಿ-ಗ-ಮದಲ್ಲಿ ಬರೆದಿಟ್ಟರೆ, ಎಂದೂ ಕೇಳದವರೂ ನೋಡಿಕೊಂಡು ಹಾಡಬಹುದಂತೆ. ಅಕ್ಕ ಹೋಳಿಗೆ ಮುರಿಯುವುದನ್ನು ನಿಲ್ಲಿಸಿ ಕೇಳಿಸಿಕೊಂಡಳು. ಬರುವಾಗ ಆಟೋದಲ್ಲಿ ಅದೇ ಮಾತು.

"ನಾವು ಹ್ವಾದ ಮ್ಯಾಲೆ ಈ ಹಾಡು ಯಾರ್ ಹಾಡ್ತಾರ? ನಿನ್ನ ಮಗಳಿಗೆ ಒಂದರೆ ಬರತೈತೇನು?"

"ಅಕಿಗೆ ಡ್ಯೂಟಿ ಮುಗಸಿ ಮಲಗಾಕ ಹೊತ್ತಿಲ್ಲ."

"ಹಂಗಾರ ಬರದಿಡಬೇಕು. ಬರಿಯಾಕ ಕಲೀಬೇಕು."

ಅಷ್ಟೇ. ಹಾಡಲು ಕಲಿಯಬೇಕೆಂದಲ್ಲ, ಬರೆಯಲು ಕಲಿಯಬೇಕೆಂದು ಅವಳು ಫಾರಂ ತರಿಸಿದಳು. ಮೊದಲು ಏನು ಕಲಿತಿದ್ದೀರಿ ಎಂಬ ಜಾಗದಲ್ಲಿ ಇಬ್ಬರದರಲ್ಲೂ ಒಂದೇ ಮಾತು ಬರೆದಳು. 'ಇಬ್ಬರೂ ಕೂಡಿ ಹಾಡುತ್ತೇವೆ.' ಇಂಗ್ಲಿಷಿನಲ್ಲಿ ಬರೆಯಬೇಕಿತ್ತು, ಕನ್ನಡದಲ್ಲಿ ಬರೆದಳು.

ಮರುದಿನ ಹತ್ತಕ್ಕೆ ಅಕ್ಕ ಕೆಳಗೆ ಬರಲಿಲ್ಲ. ಹತ್ತೂಕಾಲಿಗೆ ಭಾವ ಮೆಟ್ಟಿಲ ಮೇಲಿಂದ ನನ್ನ ಗಂಡನ ಹೆಸರು ಹಿಡಿದು ಕೂಗಿದರು. ಅವಳು ಬಚ್ಚಲುಮನೆಯಲ್ಲಿ ಬಿದ್ದಿದ್ದಳು. ತಲೆಯೊಳಗೆ ರಕ್ತನಾಳ ಒಡೆದಿದೆ ಎಂದರು ಡಾಕ್ಟರು. ಎರಡು ದಿನ ಆಸ್ಪತ್ರೆಯಲ್ಲಿದ್ದಳು, ಕಣ್ಣು ತೆರೆಯಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಹೋದಳು. ಗೋಡೆಗೆ ಹಾಕಲು ಒಳ್ಳೆಯ ಫೋಟೋ ಹುಡುಕಿದಾಗ ಅದಕ್ಕಿಂತ ಒಳ್ಳೆಯದು ಇರಲಿಲ್ಲ. ಅದೇ ಸ್ಟುಡಿಯೋದವನು ದೊಡ್ಡದು ಮಾಡಿಕೊಟ್ಟ. ಹಳದಿ ಸೀರೆ ನಾಲ್ಕು ಬೆರಳಲ್ಲ, ಒಂದು ಗೇಣು ಕಾಣುತ್ತದೆ.

ನಮ್ಮಲ್ಲಿ ವರ್ಷ ತುಂಬುವ ತನಕ ಮನೆಯಲ್ಲಿ ಶುಭದ ಹಾಡು ಹಾಡುವುದಿಲ್ಲ. ಯಾರೂ ಕರೆಯುವುದೂ ಇಲ್ಲ. ಒಲೆಯ ಮುಂದೆ ಗುನುಗುವುದನ್ನೂ ಬಿಟ್ಟೆ. ರಿಟೈರಾಗಿ ಮನೆಯಲ್ಲೇ ಇದ್ದ ಭಾವನಿಗೆ ನಮ್ಮ ಮನೆಯಿಂದಲೇ ಊಟ. ನಮ್ಮ ಮನೆತನದಲ್ಲಿ ತಮ್ಮನ ಹೆಂಡತಿ ಭಾವನ ಎದುರಿಗೆ ನಿಂತು ಮಾತಾಡುವ ರೂಢಿ ಇಲ್ಲ. ಮನೆಯಲ್ಲಿ ಅಕ್ಕ ಇದ್ದಾಗ ಅದರ ಅಗತ್ಯವೂ ಬಿದ್ದಿರಲಿಲ್ಲ. ದಿನಾ ಹನ್ನೆರಡೂವರೆಗೆ ರೊಟ್ಟಿ ಪಲ್ಯದ ಡಬ್ಬಿಯನ್ನು ಮೇಲಿನ ಬಾಗಿಲ ಹೊರಗಿನ ಸ್ಟೂಲಿನ ಮೇಲಿಟ್ಟು, ಗಂಟೆ ಒತ್ತಿ ಇಳಿದು ಬರುತ್ತಿದ್ದೆ. ಸಂಜೆ ತೊಳೆದ ಡಬ್ಬಿ ಅಲ್ಲೇ ಇರುತ್ತಿತ್ತು.

ವರ್ಷಾಂತಿಕ ಮುಗಿದ ಮೇಲೆ ಬೀರು ತೆಗೆದಾಗ ಪ್ಲಾಸ್ಟಿಕ್ ಚೀಲ ಸಿಕ್ಕಿತು. ಅದೇ ತಿಂಗಳು ಕಾಲೇಜಿನಲ್ಲಿ ಹೊಸ ವರ್ಷದ ಸೇರ್ಪಡೆ ನಡೆಯುತ್ತಿತ್ತು. ಗಂಡನಿಗೆ ಹೇಳಿದೆ.

"ಒಬ್ಬಾಕಿನ ಹೊಕ್ಕೀಯೇನು?"

"ಮತ್ತ ಯಾರದಾರ?"

ಅವರು ಅಮೀರ್‌ಪೇಟೆಯಲ್ಲಿ ಯಾವ ಮೆಟ್ಟಿಲು ಹತ್ತಿ ಬೇಗಂಪೇಟೆಯ ಮೆಟ್ರೋ ಹಿಡಿಯಬೇಕು ಎಂದು ಹೇಳಿಕೊಟ್ಟರು. ನನಗೆ ಅದು ಗೊತ್ತಿತ್ತು. ಆದರೂ ಕೇಳಿಕೊಂಡೆ.

ಕಾಲೇಜು ಹಳೆಯ ಎರಡಂತಸ್ತಿನ ಕಟ್ಟಡ. ಗೇಟಿನ ಒಳಗೆ ಸ್ಕೂಟರುಗಳು, ಒಂದು ಬೇವಿನ ಮರ. ಪ್ರತಿ ಕೋಣೆಯ ಹೊರಗೂ ಚಪ್ಪಲಿಗಳ ಗುಂಪು. ಒಂದು ಕೋಣೆಯಲ್ಲಿ ವೀಣೆ, ಪಕ್ಕದಲ್ಲಿ ಮೃದಂಗ, ಮೇಲೆ ಡಾನ್ಸಿನ ಹುಡುಗಿಯರ ಹೆಜ್ಜೆ. ಎಲ್ಲ ಒಟ್ಟಿಗೇ ಕೇಳುತ್ತಿತ್ತು, ಆದರೂ ಯಾವ ಕೋಣೆಯವರೂ ಇನ್ನೊಂದು ಕೋಣೆಯದನ್ನು ಕಿವಿಗೆ ಹಾಕಿಕೊಂಡಂತೆ ಕಾಣಲಿಲ್ಲ. ವರಾಂಡದ ಬೆಂಚಿನಲ್ಲಿ ಒಬ್ಬ ಹಿರಿಯರು ಉದ್ದನೆಯ ಚೀಲ ಹಿಡಿದು ಕೂತಿದ್ದರು. ಕೊಳಲು ಕಲಿಯಲು ಬಂದವರು. ನಾನು ಯಾರನ್ನು ಸೇರಿಸಲು ಬಂದಿದ್ದೇನೆ ಎಂದು ಕೇಳಿದರು. ನಾನೇ ಎಂದೆ.

"ಒಳ್ಳೇದಾಯಿತು," ಎಂದರು ತೆಲುಗಿನಲ್ಲಿ. "ನಾನೊಬ್ಬನೇ ಮುದುಕ ಅಂದುಕೊಂಡಿದ್ದೆ. ರಿಟೈರ್ ಆಗಿ ಮೂರು ತಿಂಗಳು ಮನೆಯಲ್ಲಿ ಕೂತಿದ್ದೆ. ಎಲ್ಲಾದರೂ ಹೋಗಿ ಊದಿಕೊಳ್ಳಿ ಅಂತ ನಮ್ಮನೆಯವಳೇ ಕಳಿಸಿದಳು."

ಅವರ ಸರದಿ ಬಂದು ಒಳಗೆ ಹೋದರು. ಆಮೇಲೆ ನಾನು ಕಚೇರಿಯ ಕಿಟಕಿಯಲ್ಲಿ ಫಾರಂ ಕೊಟ್ಟೆ. ಗುಮಾಸ್ತ ಕನ್ನಡಕ ಏರಿಸಿ ನೋಡಿದ. ಗುಂಡುಪಿನ್ನು ತೆಗೆಯದೆಯೇ ಮೇಲಿನ ಹಾಳೆ ಎತ್ತಿದ.

"ದೋ ಫಾರ್ಮಾಂ ಹೈ ಅಮ್ಮಾ. ಏಕ್ ಆಪ್‌ಕಾ. ಇನೋ ಕಾಂ ಹೈ?" ಎರಡು ಫಾರಂ ಇವೆ, ಇನ್ನೊಬ್ಬರು ಎಲ್ಲಿ ಎಂದು ಅಕ್ಕನ ಫೋಟೋದ ಮೇಲೆ ಬೆರಳಿಟ್ಟ.

"ಇನೋ ನೈ ಆತೇ," ಎಂದೆ. ಬರುವುದಿಲ್ಲ.

"ಕಾಯ್ಕೂ? ಸೀಟಾಂ ಹೈ ನಾ! ಬೋಲೋ ಉನ್ಕೊ, ಆಜಾವ್ ಬೋಲ್‌ಕೇ. ಹಂಸ್‌ರೈಂ ಭೀ, ಅಚ್ಛಾ ಗಾತೇ ಹೋಂಗೇ."

ಯಾಕೆ, ಸೀಟು ಇವೆ, ಬರಲು ಹೇಳಿ ಎಂದ. ನಗುತ್ತಿದ್ದಾರೆ, ಚೆನ್ನಾಗಿ ಹಾಡುತ್ತಿರಬೇಕು ಎಂದ. ಹೌದು, ಚೆನ್ನಾಗಿ ಹಾಡುತ್ತಿದ್ದಳು ಎಂದು ಹೇಳಲು ಹಿಂದಿಯಲ್ಲಿ ನನಗೆ ಕೂಡಲೇ ಬರಲಿಲ್ಲ. ನಾನು ಪಿನ್ನು ಬಿಚ್ಚಿ ಅಕ್ಕನ ಹಾಳೆ ಚೀಲಕ್ಕೆ ಹಾಕಿಕೊಂಡೆ. ಅವನು ನನ್ನದರ ಮೇಲೆ ಸಂಖ್ಯೆ ಬರೆದು, ಕೊನೆಯ ಕೋಣೆಗೆ ಹೋಗಲು ಹೇಳಿದ.

ಅಲ್ಲಿ ಒಬ್ಬ ಮೇಡಂ ಚಾಪೆಯ ಮೇಲೆ ಕೂತಿದ್ದರು. ನನಗಿಂತ ಚಿಕ್ಕವರು. ಪಕ್ಕದಲ್ಲಿ ಚಹಾದ ಫ್ಲಾಸ್ಕ್, ಮುಂದೆ ಒಂದು ಸಣ್ಣ ಶ್ರುತಿ ಪೆಟ್ಟಿಗೆ. ನನಗಿಂತ ಮುಂಚೆ ಒಂದು ಹುಡುಗಿ, ಹತ್ತು ವರ್ಷದ್ದು, ಅಪ್ಪನ ಜೊತೆ ಬಂದು ಹಾಡಿತು. ಬಾಯಿ ತೆರೆದ ಕೂಡಲೇ ಪೆಟ್ಟಿಗೆಯ ಜೊತೆ ಕೂಡಿಕೊಂಡಿತು. ಮೇಡಂ ಸಾಕು ಎಂದರೂ ನಿಲ್ಲಿಸಲಿಲ್ಲ. ಅಪ್ಪ ಹುಡುಗಿಯ ಜಡೆ ಹಿಡಿದೆಳೆದು ನಿಲ್ಲಿಸಬೇಕಾಯಿತು.

ನನ್ನ ಸರದಿ ಬಂತು. ಮೇಡಂ ಫಾರಂ ಓದಿ, ಕನ್ನಡದಲ್ಲಿ ಬರೆದದ್ದು ಏನು ಎಂದು ಕೇಳಿದರು. ಇಬ್ಬರೂ ಕೂಡಿ ಹಾಡುತ್ತೇವೆ ಎಂದು ತೆಲುಗಿನಲ್ಲಿ ಹೇಳಿದೆ.

"ಮೀ ಶ್ರುತಿ ಎಂತಮ್ಮಾ?"

ನನ್ನ ಶ್ರುತಿ ಎಷ್ಟು ಎಂದು ಕೇಳುತ್ತಿದ್ದರು. ಪೆಟ್ಟಿಗೆಯಲ್ಲಿ ಯಾವ ಮನೆಗೆ ಇಡಬೇಕೆಂದು. ಗೊತ್ತಿಲ್ಲ ಎಂದೆ. ಅಕ್ಕ ಎಲ್ಲಿ ಎತ್ತುತ್ತಿದ್ದಳೋ ನಾನು ಅಲ್ಲಿಂದ ಇಳಿಸುತ್ತಿದ್ದೆ. ಅದಕ್ಕೊಂದು ಅಂಕಿ ಇದೆ ಎಂದು ನನಗೆ ತಿಳಿದಿರಲಿಲ್ಲ.

"ಪರವಾಗಿಲ್ಲ. ಪೆಟ್ಟಿಗೆ ಬೇಡ. ನಿಮಗೆ ಬರುವ ಯಾವುದಾದರೂ ಹಾಡಿ."

ನಾನು ಕುಬಸದ ಹಾಡು ಎಂದುಕೊಂಡೆ. ಕಣ್ಣು ಮುಚ್ಚಿ, ತೊಡೆಯ ಮೇಲೆ ಕೈ ತಟ್ಟುತ್ತ ಕೂತೆ. ನನ್ನ ಜಾಗ ಬಂದಾಗ ಹಾಡಿದೆ.

"ಎಡಗೈಯ ಮುಂದ ಹಿಡಿಯವ್ವ..."

ಮತ್ತೆ ಕೈ ತಟ್ಟುತ್ತ ಕೂತೆ. ಮತ್ತೆ ಜಾಗ ಬಂತು.

"ಹಿಟ್ಟಿನ ಕೈಯ ತೊಳಕೊಳ್ಳ..."

ಮೂರನೆಯದಕ್ಕೆ ಕಾಯುತ್ತಿದ್ದಾಗ ಮೇಡಂ, "ಅಮ್ಮಾ, ಯಾಕೆ ಮಧ್ಯೆ ಮಧ್ಯೆ ನಿಲ್ಲಿಸುತ್ತಿದ್ದೀರಿ? ಮರೆತು ಹೋಯಿತಾ?" ಎಂದರು.

"ನಿಲ್ಲಿಸಿಲ್ಲ ಮೇಡಂ."

"ಮತ್ತೆ? ಮೊದಲಿನಿಂದ ಹಾಡಿ."

"ಇದೇ ಮೊದಲು."

"ಈಗ ಸುಮ್ಮನಿದ್ದಿರಲ್ಲ, ಅಲ್ಲಿ ಏನಿದೆ?"

"ಅಲ್ಲಿ ನಮ್ಮಕ್ಕನದು."

ನನಗೆ ಬರುವುದು ಹಾಡಿನ ಅರ್ಧ ಮಾತ್ರ ಎಂದು ಹೇಳಿದ ಮೇಲೆಯೇ ಗೊತ್ತಾದದ್ದು. ಒಂದು ವರ್ಷ ಬಾಯಿ ಮುಚ್ಚಿಕೊಂಡಿದ್ದೆನಾದ್ದರಿಂದ ಅಲ್ಲಿಯವರೆಗೆ ಇದನ್ನು ತಿಳಿಯುವ ಸಂದರ್ಭವೇ ಬಂದಿರಲಿಲ್ಲ.

ಅತ್ತೆ ನಮಗೆ ಹಾಡು ಕಲಿಸಿದ್ದು ಊರಲ್ಲಿ, ಬೀಸುಕಲ್ಲಿನ ಮುಂದೆ. ಕಲ್ಲಿಗೆ ಇಬ್ಬರು ಕೂರಬೇಕು, ಒಂದೇ ಗೂಟ ಇಬ್ಬರೂ ಹಿಡಿಯಬೇಕು. ಬೀಸುತ್ತ ಒಬ್ಬಳೇ ಪೂರ್ತಿ ಹಾಡಿದರೆ ಉಸಿರು ಸಾಲುವುದಿಲ್ಲ. ಅದಕ್ಕೆ ಪ್ರತಿ ನುಡಿಯೂ ಎರಡು ಪಾಲು. ಒಬ್ಬಳು ಹಾಡುವಾಗ ಇನ್ನೊಬ್ಬಳು ಉಸಿರು ತೆಗೆದುಕೊಳ್ಳುವುದು. "ಹಿರೀಕಿ ಮುಂದಿಂದು ಎತ್ತಬೇಕು, ಕಿರೀಕಿ ಹಿಂದಿಂದು ಇಳಸಬೇಕು. ಒಬ್ಬರದು ಒಬ್ಬರು ಹಿಡಿಬ್ಯಾಡ್ರಿ, ಮನ್ಯಾಗ ಜಗಳ ಬೀಳತಾವ" ಎನ್ನುತ್ತಿದ್ದಳು. ಅಕ್ಕನಿಗೆ ಅವಳ ಅರ್ಧ ಮಾತ್ರ ಹೇಳಿಕೊಟ್ಟಳು, ನನಗೆ ನನ್ನರ್ಧ. ಹೈದರಾಬಾದಿಗೆ ಬಂದ ಮೇಲೆ ಹಿಟ್ಟು ಗಿರಣಿಯಿಂದ ಬಂತು, ಕಲ್ಲು ಊರಲ್ಲೇ ಉಳಿಯಿತು, ಪಾಲು ಮಾತ್ರ ಹಾಗೇ ನಡೆಯಿತು. ಇಪ್ಪತ್ತೆಂಟು ವರ್ಷ ಅವಳ ಅರ್ಧವನ್ನು ನಾನು ಪಕ್ಕದಲ್ಲಿ ಕೂತು ಕೇಳಿದ್ದೇನೆ. ಆದರೆ ಅವಳು ಹಾಡುವ ಹೊತ್ತು ನನ್ನ ಉಸಿರಿನ ಹೊತ್ತು. ಅವಳ ಸಾಲಿನ ಕೊನೆಯ ಎರಡಕ್ಷರಕ್ಕೆ ಮಾತ್ರ ನನ್ನ ಕಿವಿ. ಅಲ್ಲಿಂದ ನಾನು ಹಿಡಿಯಬೇಕಲ್ಲ.

ಇದನ್ನೆಲ್ಲ ಮೇಡಂಗೆ ಇಷ್ಟು ಸರಿಯಾಗಿ ಹೇಳಲಿಲ್ಲ. ತೆಲುಗು ಅರ್ಧ, ಹಿಂದಿ ಅರ್ಧ ಸೇರಿಸಿ ಹೇಳಿದೆ. ಅವರಿಗೆ ತಿಳಿಯಿತು.

"ಅಕ್ಕ ಯಾಕೆ ಬರಲಿಲ್ಲ?"

"ಹೋದರು. ವರ್ಷ ಆಯಿತು."

ಅವರು ಇನ್ನೊಮ್ಮೆ ಹಾಡಲು ಹೇಳಿದರು. ಈ ಸಲ ನಾನು ಸುಮ್ಮನಿದ್ದಾಗ ಅವರು ಬೆರಳು ಎಣಿಸುತ್ತಿದ್ದರು. ನಾಲ್ಕು ನುಡಿ ಮುಗಿದ ಮೇಲೆ, "ಪ್ರತಿ ಸಲವೂ ಒಂದೇ ಅಳತೆ ಬಿಡುತ್ತಿದ್ದೀರಿ. ಎಂಟು. ಒಂದೂ ಹೆಚ್ಚು ಕಮ್ಮಿ ಇಲ್ಲ. ನಿಮ್ಮ ಲಯ ಸರಿಯಾಗಿದೆ," ಎಂದು ಫಾರಂ ಮೇಲೆ ಏನೋ ಬರೆದರು. ಆಮೇಲೆ, "ಈಗ ಅಕ್ಕನದನ್ನು ನೀವೇ ಹಾಡಿ ನೋಡಿ," ಎಂದರು.

ಪ್ರಯತ್ನಿಸಿದೆ. ಅವಳ ಪಾಲು ಮೇಲಕ್ಕೆ ಹೋಗುತ್ತದೆ, ನನ್ನದು ಕೆಳಗೆ ಬರುತ್ತದೆ. ನನ್ನ ದನಿ ಅಷ್ಟು ಮೇಲೆ ಎಂದೂ ಹೋಗಿರಲಿಲ್ಲ. ಎರಡು ಸ್ವರ ಏರಿ ಒಡೆಯಿತು. ಮಾತುಗಳಂತೂ ಇರಲೇ ಇಲ್ಲ.

ಮೇಡಂ ಫ್ಲಾಸ್ಕಿನ ಮುಚ್ಚಳದಲ್ಲಿ ಚಹಾ ಹಾಕಿ ಕೊಟ್ಟರು. ಇಲ್ಲಿ ಕಲಿಸುವುದು ಸರಳೆ ವರಸೆ, ಜಂಟಿ ವರಸೆ, ಕೀರ್ತನೆ. ಊರ ಹಾಡು ಪಾಠದಲ್ಲಿಲ್ಲ. ಆದರೆ ಸ್ವರ ಬರೆಯುವುದು ಮೊದಲ ವರ್ಷವೇ ಬರುತ್ತದೆ, ಬಂದ ಮೇಲೆ ಶನಿವಾರ ಕ್ಲಾಸಿನ ನಂತರ ಅರ್ಧ ಗಂಟೆ ನಿಮ್ಮ ಹಾಡು ಬರೆಯೋಣ ಎಂದರು. "ಒಂದು ಮಾತು. ನೀವು ಹಾಡಿ ತೋರಿಸಿದ್ದನ್ನು ಮಾತ್ರ ಬರೆಯಬಹುದು. ಇಲ್ಲದ್ದನ್ನು ನಾನು ಹುಟ್ಟಿಸಿ ಬರೆಯುವುದಿಲ್ಲ."

ಸೇರಿದೆ. ಆ ಹತ್ತು ವರ್ಷದ ಹುಡುಗಿ ನನ್ನ ಪಕ್ಕದಲ್ಲಿ ಕೂರುತ್ತದೆ. ನಾನು ಸ್ವರ ತಪ್ಪಿದರೆ ಮೊಣಕೈಯಿಂದ ತಿವಿಯುತ್ತದೆ. ಕೊಳಲಿನ ಹಿರಿಯರು ಇನ್ನೂ ಊದಿದರೆ ಗಾಳಿ ಮಾತ್ರ ಬರುತ್ತದೆ, ಹೆಂಡತಿಗೆ ಅಷ್ಟೇ ಸಾಕಂತೆ.

ಅಕ್ಕನ ಅರ್ಧ ಹುಡುಕಬೇಕಿತ್ತು. ಕುಬಸದ ವಿಡಿಯೋಗಳನ್ನು ಕೇಳಿ ತರಿಸಿದೆ. ಎಲ್ಲರೂ ಕ್ಯಾಮೆರಾದಲ್ಲಿ ಬಸುರಿಯನ್ನೇ ಹಿಡಿದಿದ್ದರು, ನಾವು ಮೂಲೆಯಲ್ಲಿ. "ಏ ಸರಕೊಳ್ರಿ, ಫೋಟೋ, ಫೋಟೋ" ಎಂಬುದರ ಕೆಳಗೆ ಹಾಡು. ಬಳೆಯ ಸದ್ದು ಹಾಡಿಗಿಂತ ಜೋರು. ಒಂದರಲ್ಲಿ ಉಡಿ ತುಂಬುವ ಹಾಡಿನ ಎರಡು ನುಡಿ ಸಿಕ್ಕವು. ಅತ್ತೆ ತೀರಿಕೊಂಡು ವರ್ಷಗಳಾಗಿದ್ದವು, ಊರ ಕಡೆ ಇರುವ ಗಂಡನ ಸೋದರತ್ತೆಗೆ ಫೋನ್ ಮಾಡಿದೆ. ಅವರು ತಮ್ಮ ಗಂಡನ ಊರಿನ ಮಾತುಗಳನ್ನು ಹೇಳಿದರು. ಒಳ್ಳೆಯ ಮಾತುಗಳೇ, ಆದರೆ ನನ್ನ ಅರ್ಧಕ್ಕೆ ಹೊಂದಲಿಲ್ಲ.

ಒಂದು ದಿನ ಡಬ್ಬಿ ಕಟ್ಟುವಾಗ ಭಾವನ ನೆನಪಾಯಿತು. ಮೇಲಿನ ಮನೆಯಲ್ಲಿ ಅಕ್ಕ ಒಬ್ಬಳೇ ಇರುವಾಗ ಗುನುಗುತ್ತಿದ್ದಳಲ್ಲ. ಒಬ್ಬಳೇ ಗುನುಗಿದರೆ ಯಾವುದನ್ನು ಗುನುಗಿರುತ್ತಾಳೆ? ತನ್ನದನ್ನೇ. ನಾನೂ ಅಷ್ಟೇ ತಾನೇ ಮಾಡುತ್ತಿದ್ದದ್ದು.

ಗಂಡನಿಗೆ ಹೇಳಿದರೆ ನಕ್ಕರು. "ಅಣ್ಣಗ ಹಾಡು ಕೇಳ್ತಿ? ದೇವರ ಮುಂದ ಆರತಿಗೂ ಬಾಯಿ ತೆರದಾಂವಲ್ಲ ಅಂವ."

"ಹಾಡಬ್ಯಾಡ. ಬರದರ ಸಾಕು."

"ನೀನ ಕೇಳು. ನಾ ಕೇಳಿದ್ರ ಬೈತಾನ."

ನಾನು ಕೇಳುವುದೆಂದರೆ ಚೀಟಿ. 'ಅಕ್ಕ ಮನೆಯಲ್ಲಿ ಹಾಡಿಕೊಳ್ಳುತ್ತಿದ್ದ ಸಾಲುಗಳು ನೆನಪಿದ್ದರೆ ಬರೆದು ಕಳಿಸಬೇಕು' ಎಂದು ಬರೆದು ರೊಟ್ಟಿಯ ಮೇಲಿನ ಬಟ್ಟೆಯಲ್ಲಿಟ್ಟೆ. ಮೂರು ದಿನ ಡಬ್ಬಿ ಬರಿದೇ ಬಂತು. ಕೇಳಬಾರದಿತ್ತು ಎಂದುಕೊಂಡೆ. ನಾಲ್ಕನೆಯ ದಿನ ಮುಚ್ಚಳದ ಒಳಗೆ ಮಡಿಸಿದ ಕಾಗದ ಇತ್ತು. ಕಾರ್ಖಾನೆಯ ಲಾಗ್‌ಬುಕ್ಕಿನಲ್ಲಿ ಬರೆಯುವಂತೆ ಬಿಡಿಬಿಡಿ ಅಕ್ಷರ.

'ಏಳು ಬಳಿಗಾರರ ಕರೆಸ್ಯಾಳ ತವರವ್ವ. ಬಾಗಿಲಿಗೆ ಬಂದಾರ ಬಳಗೆಲ್ಲ ನೋಡವ್ವ. ಇದು ಅಕ್ಕಿ ಆರಿಸುವಾಗ.'

ಕೆಳಗೆ ಇನ್ನೊಂದು ಸಾಲು. 'ರೊಟ್ಟಿ ಬಿರುಸಾಗುತ್ತಿವೆ.'

ನಾನು ಮೆಟ್ಟಿಲ ಮೇಲೆ ಕೂತು ಅವರ ಸಾಲನ್ನು ಓದಿ, ನನ್ನ ಸಾಲನ್ನು ಹಾಡಿದೆ. ಏಳು ಬಳೆಗಾರರನ್ನು ತವರವ್ವ ಕರೆಸಿದ್ದಾಳೆ, ಎಡಗೈ ಮುಂದೆ ಹಿಡಿ. ಬಾಗಿಲಿಗೆ ಬಳಗವೆಲ್ಲ ಬಂದಿದೆ, ಹಿಟ್ಟಿನ ಕೈ ತೊಳೆದುಕೋ. ಅಷ್ಟು ವರ್ಷ ಕೈ ಯಾಕೆ ಹಿಡಿಯಬೇಕು, ಯಾಕೆ ತೊಳೆಯಬೇಕು ಎಂದು ನಾನು ಯೋಚಿಸಿರಲೇ ಇಲ್ಲ.

ಮರುದಿನದಿಂದ ಹಿಟ್ಟಿಗೆ ಬಿಸಿನೀರು ಹೆಚ್ಚು ಹಾಕಿ ನಾದಿದೆ.

ಹೀಗೆ ನಾಲ್ಕು ತಿಂಗಳು ಚೀಟಿಗಳು ಬಂದವು. ಭಾವನಿಗೆ ಹಾಡಿನ ಹೆಸರು ಗೊತ್ತಿಲ್ಲ, ಕೆಲಸದ ಮೇಲೆ ಗುರುತು. 'ಇದು ಬಟ್ಟೆ ಒಣಹಾಕುವಾಗ.' 'ಇದು ಗ್ಯಾಸ್ ಒಲೆ ಒರೆಸುವಾಗ. ನಡುವೆ ಒಂದು ಮಾತು ಕುಕ್ಕರಿನ ಸೀಟಿಯಲ್ಲಿ ಕೇಳಿಸುತ್ತಿರಲಿಲ್ಲ.' ಒಮ್ಮೆ, 'ಇದು ನನ್ನ ಮೇಲೆ ಸಿಟ್ಟು ಬಂದಾಗ' ಎಂದಿತ್ತು. ನೋಡಿದರೆ ಅದು ಮಂಗಳಾರತಿ. ರಾಗವನ್ನು ಅವರು ಕೊಡಲಿಲ್ಲ. ಅಕ್ಷರಗಳು ಬಂದ ಮೇಲೆ ರಾಗ ತಾನಾಗಿ ನೆನಪಾಯಿತು, ನನ್ನ ದನಿ ಏರದಿದ್ದಲ್ಲಿ ಮೇಡಂ ಕೆಳಗಿನ ಶ್ರುತಿಯಿಂದ ಹಾಡಿಸಿ ಬರೆಸಿಕೊಂಡರು. ಎಂಟು ಹಾಡು ಪೂರ್ತಿಯಾದವು.

ಉಳಿದದ್ದು ತೊಟ್ಟಿಲ ಹಾಡು. ಅದಕ್ಕೂ ಚೀಟಿ ಇಟ್ಟೆ. ನನ್ನ ಅರ್ಧವನ್ನು ಬರೆದು, ಇದರ ಮುಂದಿನದು ಬೇಕಿತ್ತು ಎಂದೆ. ಅವತ್ತೇ ಸಂಜೆ ಉತ್ತರ ಬಂತು.

'ಇದು ಮೇಲಿನ ಮನೆಯಲ್ಲಿ ಕೇಳಿಲ್ಲ.'

ನಾನೇ ಯೋಚಿಸಿ ಕೇಳಬೇಕಿತ್ತು. ಆ ಹಾಡನ್ನು ಅಕ್ಕ ಹಾಡಿದ್ದು ನನ್ನ ಮನೆಯಲ್ಲಿ, ನನ್ನ ಮಗಳ ತೊಟ್ಟಿಲಿಗೆ. ಮತ್ತೆ ಬೇರೆಯವರ ಮನೆಗಳಲ್ಲಿ. ಮರುದಿನ ಡಬ್ಬಿಯಲ್ಲಿ ಚೀಟಿ ಇಡಲಿಲ್ಲ, ಶೇಂಗಾ ಹೋಳಿಗೆ ಇಟ್ಟೆ.

ಮಗಳು ಶಂಶಾಬಾದಿನಲ್ಲಿರುತ್ತಾಳೆ, ವಿಮಾನ ನಿಲ್ದಾಣದಲ್ಲಿ ಕೆಲಸ. ಅವಳಿಗೆ ಫೋನ್ ಮಾಡಿದೆ. "ದೊಡ್ಡವ್ವ ತೊಟ್ಟಲಾ ತೂಗುವಾಗ ಹಾಡ್ತಿದ್ದದ್ದು ಒಂದರೆ ಸಾಲು ನೆನಪೈತೇನ?"

"ಮಮ್ಮಿ, ಅದನ್ನ ಕೇಳೂದ್ರಾಗ ನಾ ಮಲಗಿಬಿಡ್ತಿದ್ದೆ. ಅದಕ್ಕಽ ಅಲ್ಲೇನು ಹಾಡೋದು?" ಎಂದಳು. ಆಮೇಲೆ, "ದೊಡ್ಡವ್ವನ ಕೈ ತೊಟ್ಟಲಾ ಬಡಿಯೂ ಸಪ್ಪಳ ನೆನಪೈತಿ," ಎಂದಳು. ಹಿಂದೆ ಯಾರೋ ಕರೆದರು, ಫೋನ್ ಇಟ್ಟಳು.

ಶನಿವಾರ ಮೇಡಂಗೆ ಹೇಳಿದೆ. ಇರುವಷ್ಟನ್ನು ಬರೆಯೋಣ ಎಂದರು. ನಾನು ಹಾಡಿದೆ, ಅವರು ಎಂಟೆಂಟು ಎಣಿಸಿ ಜಾಗ ಬಿಡುತ್ತ ಬರೆದರು. ತೊಟ್ಟಿಲ ಹಾಡಿಗೆ ಐದು ನುಡಿ. ಐದರದೂ ಹಿಂದಿನರ್ಧ ಪುಸ್ತಕದಲ್ಲಿದೆ. ಅಕ್ಕನ ಮುಂದಿನರ್ಧದಲ್ಲಿ, ನಾನು ಕೇಳಿ ಹಿಡಿಯುತ್ತಿದ್ದ ಕೊನೆಯ ಎರಡೆರಡು ಅಕ್ಷರ ಇವೆ. ಉಳಿದದ್ದು ಇಲ್ಲ.